ಅವ್ವ ನೀರು ಕುಡಿದ ಪ್ರಯಾಣ

ದಾವಣಗೆರೆಯಿಂದ ಹಿರಿಯೂರು ಬಳಿಯ ಮಾರಿಕಣಿವೆ ಜಲಾಶಯಕ್ಕೆ ಹೊರಡುವುದೆಂದರೆ ಅವ್ವ ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡುತ್ತಾಳೆ. ಬೆಳಿಗ್ಗೆ ಬೆಣ್ಣೆದೋಸೆ ತಿಂದ ಮೇಲೂ ಅರ್ಧ ಲೋಟ, ಅಷ್ಟೆ. "ದಾರ್ಯಾಗೆ ಎಲ್ಲಿಗೆ ಹೋಗ್ಲಪ್ಪಾ, ಬ್ಯಾಡ ಬಿಡು" ಅನ್ನುತ್ತಾಳೆ. ಎಪ್ಪತ್ತು ದಾಟಿದೆ, ಮಂಡಿ ನೋವು. ಬಂಕಿನ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂತರೆ ಮತ್ತೆ ಏಳಲಾರಳು.

ನಾನಿರುವುದು ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿ. ಅಲ್ಲಿ ವ್ಯಾನಿನಲ್ಲೇ ಮಲಗೆದ್ದು ಊರೂರು ತಿರುಗುವವರು ಬಹಳ. ಹೋದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಚಿಕ್ಕಪ್ಪನ ಮಗ ತನ್ನ ಟೆಂಪೊ ಟ್ರಾವೆಲರ್‌ನ ಹಿಂದಿನ ಸೀಟು ಬಿಚ್ಚಿಸಿ ಹಾಸಿಗೆ ಹಾಕಿಸಿದ್ದ. "ಟಾಯ್ಲೆಟ್‌ಗೆ ಏನ್ ಮಾಡೋಣಣ್ಣ?" ಎಂದು ಕೇಳಿದ.

ಅವನ ಮನಸ್ಸು ಬಕೆಟ್ಟಿನ ಮೇಲಿತ್ತು. ಮುಚ್ಚಳದ ಬಕೆಟ್, ಒಳಗೊಂದು ಚೀಲ, ನೀರು ಹೀರಿ ಗಟ್ಟಿಯಾಗಿಸುವ ಪುಡಿ. ಅಗ್ಗ, ಹಗುರ. ಆದರೆ ಬಳಸಿದ ಚೀಲ ಎಲ್ಲಿಗೆ ಹೋಗುತ್ತದೆ? ರಸ್ತೆ ಬದಿಯ ಕಸದ ರಾಶಿಗೆ. ಅದನ್ನು ಬರಿಗೈಯಲ್ಲಿ ವಿಂಗಡಿಸುವವರು ಯಾರೆಂದು ನಮಗೆಲ್ಲ ಗೊತ್ತು. ತುರ್ತಿಗೆ ಸರಿ, ದಿನದ ಬಳಕೆಗೆ ನಾನು ಒಪ್ಪಲಿಲ್ಲ.

ನನಗೆ ನಿಜವಾಗಿ ಇಷ್ಟವಾದದ್ದು ಒಂದು ಎರಡನ್ನು ಬೇರೆ ಮಾಡುವ ಟಾಯ್ಲೆಟ್. ಮೂತ್ರ ಮುಂದಿನ ಕ್ಯಾನಿಗೆ, ಮಲ ಹಿಂದಿನ ಡಬ್ಬಿಗೆ. ಅದರ ಮೇಲೆ ತೆಂಗಿನ ನಾರಿನ ಪುಡಿ. ಎರಡೂ ಬೆರೆತರೆ ಅಮೋನಿಯಾ ಬೇಗ ಎದ್ದು ಮೂಗಿಗೆ ಹೊಡೆಯುತ್ತದೆ. ಬೇರೆ ಇಟ್ಟರೆ ವಾಸನೆ ಬಹಳ ಕಡಿಮೆ, ರಾಸಾಯನಿಕದ ಹಂಗೂ ಇಲ್ಲ. ಹ್ಯಾಮಿಲ್ಟನ್ನಿನಲ್ಲಿ ಇಟ್ಟಿಗೆಯ ಹಾಗೆ ಒತ್ತಿದ ನಾರಿನ ಪುಡಿಯನ್ನು ದುಡ್ಡು ಕೊಟ್ಟು ತರುತ್ತಾರೆ. ಹೊಸದುರ್ಗದ ಕಡೆ ತೆಂಗಿಗೇನು ಬರ? ಆದರೆ ನಾವು ಚರಿಗೆ ಹಿಡಿದವರು. ತೊಳೆದ ನೀರು ಆ ಡಬ್ಬಿಗೆ ಬಿದ್ದರೆ ಒಣಗಬೇಕಾದದ್ದು ರಾಡಿಯಾಗುತ್ತದೆ. ಕಾಗದದಲ್ಲಿ ಒರೆಸಿಕೊ ಎಂದು ಅವ್ವನಿಗೆ ಹೇಳುವ ಮಗ ನಾನಲ್ಲ.

ಕೊನೆಗೆ ತಂದದ್ದು ಎರಡು ಅಂತಸ್ತಿನ ಪೋರ್ಟಬಲ್ ಟಾಯ್ಲೆಟ್. ಮೇಲೆ ಒಳ್ಳೆಯ ನೀರಿನ ಟ್ಯಾಂಕು, ಕೆಳಗೆ 21 ಲೀಟರಿನ ಮಲದ ಟ್ಯಾಂಕು, ನಡುವೆ ಎಳೆದು ಮುಚ್ಚುವ ಹಲಗೆ. ಕುರ್ಚಿಯ ಹಾಗೆ ಕೂರಬಹುದು, ಮಂಡಿಗೆ ತ್ರಾಸಿಲ್ಲ. ನೀರು ಬಳಸುವ ನಮ್ಮಂಥವರು ನಾಲ್ಕು ಜನರಾದರೆ ದಿನಕ್ಕೊಮ್ಮೆ ಖಾಲಿ ಮಾಡಲೇಬೇಕು. ತುಂಬಿದರೆ ಇಪ್ಪತ್ತು ಕಿಲೊ ದಾಟುತ್ತದೆ, ಎತ್ತುವ ಸೊಂಟ ಗಟ್ಟಿ ಇರಬೇಕು. ಸುರಿಯುವಾಗ ಗಾಳಿ ಒಳಬಿಡುವ ಗುಂಡಿ ಒತ್ತಿ ಹಿಡಿಯದಿದ್ದರೆ ಸಿಡಿಯುತ್ತದೆ. ವಾಸನೆ ತಡೆಯಲು ಟ್ಯಾಂಕಿಗೆ ಹಾಕುವ ದ್ರವ ಸೆಪ್ಟಿಕ್ ಟ್ಯಾಂಕಿಗೆ ಒಗ್ಗುವಂಥದ್ದೇ ಆಗಬೇಕು. ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಇರುವುದನ್ನು ಸುರಿದರೆ ಕೊಳೆಸುವ ಬ್ಯಾಕ್ಟೀರಿಯಾವೇ ಸಾಯುತ್ತವೆ.

ಆದರೆ ಖಾಲಿ ಮಾಡುವುದು ಎಲ್ಲಿ? ನ್ಯೂಜಿಲೆಂಡಿನ ಬಹಳಷ್ಟು ಊರುಗಳಲ್ಲಿ ಅದಕ್ಕೆಂದೇ ಜಾಗವಿದೆ: ನೆಲದಲ್ಲೊಂದು ಬಾಯಿ, ತೊಳೆಯಲು ನಲ್ಲಿ. ಸುರಿದು, ತೊಳೆದು ಹೊರಡುತ್ತೇವೆ. 2023ರಲ್ಲಿ ಕಾನೂನು ಬಿಗಿಯಾಗಿ, ವ್ಯಾನಿಗೆ 'ಸ್ವಯಂಪೂರ್ಣ' (ನೀರು, ಕಕ್ಕಸು ಎಲ್ಲ ಒಳಗೇ ಇರುವಂಥದ್ದು) ಎಂಬ ಪ್ರಮಾಣಪತ್ರ ಬೇಕಿದ್ದರೆ ಟಾಯ್ಲೆಟ್ ಒಳಗೇ ಭದ್ರವಾಗಿ ಕೂರಿಸಿರಬೇಕೆಂದಾಯಿತು. ನಾವು ತಂದಂಥ ಎತ್ತಿಡುವ ಟಾಯ್ಲೆಟ್ ಅಲ್ಲಿ ಈಗ ಸಾಲದು. ಇತ್ತ ದಾವಣಗೆರೆಯಿಂದ ಹಿರಿಯೂರಿನವರೆಗೆ ಹೆದ್ದಾರಿ 48ರ ಉದ್ದಕ್ಕೂ ಕಣ್ಣಿಟ್ಟು ಹುಡುಕಿದೆ. ಅಂಥ ಒಂದು ಜಾಗ ಕಾಣಲಿಲ್ಲ. ಹಿರಿಯೂರು, ಚಿತ್ರದುರ್ಗಕ್ಕೆ ಕುಡಿಯುವ ನೀರು ಕೊಡುವ ಜಲಾಶಯದ ದಂಡೆಯಲ್ಲಿ ಸುರಿಯುವ ಮಾತು ಬಾಯಲ್ಲಿ ಬರಲೂಬಾರದು.

ಜೊತೆಗಿದ್ದ ಡ್ರೈವರ್ ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದ: "ಯಾಕೆ ತಲೆ ಕೆಡಿಸ್ಕೊಂತೀರಿ ಸಾರ್, ಒಬ್ನಿಗೆ ಇನ್ನೂರು ಕೊಟ್ರೆ ಖಾಲಿ ಮಾಡ್ತಾನೆ." ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದ ಮಂತ್ರಿಯಾಗಿ ನಿಲ್ಲಿಸಿದ ಬಿ. ಬಸವಲಿಂಗಪ್ಪನವರು ನಮ್ಮ ಪಕ್ಕದ ಹರಿಹರದಲ್ಲಿ ಹುಟ್ಟಿದವರು. ಮಲ ಎತ್ತಲು ಮನುಷ್ಯರನ್ನು ಹಚ್ಚಬಾರದೆಂದು 2013ರ ಕೇಂದ್ರ ಕಾನೂನೂ ಇದೆ. ವ್ಯಾನಿನ ಚಕ್ರ ಕಟ್ಟಿ ಅದೇ ಪದ್ಧತಿಯನ್ನು ನಾವು ಮರಳಿ ತರುವುದೇ? ಯಾವ ಟಾಯ್ಲೆಟ್ ಒಳ್ಳೆಯದೆಂದು ಕೇಳುವವರಿಗೆ ನಾನು ಮೊದಲು ಕೇಳುವುದು ಇಷ್ಟೇ: ಅದನ್ನು ನೀವೇ ಹೊತ್ತು, ನೀವೇ ಸುರಿದು, ನೀವೇ ತೊಳೆಯುತ್ತೀರಾ?

ಹೀಗಾಗಿ ನಾವು ರಾತ್ರಿ ತಂಗುವ ಜಾಗವನ್ನೇ ಬದಲಿಸಿದೆವು. ಜಲಾಶಯದ ಹತ್ತಿರ ಬೇಡವೆಂದು, ಹಿರಿಯೂರಿನ ನೆಂಟರ ತೋಟದ ಮನೆಯಲ್ಲಿ ವ್ಯಾನು ನಿಲ್ಲಿಸಿದೆವು. ಬೆಳಿಗ್ಗೆ ಅವರ ಕಕ್ಕಸಿಗೇ ನಾನು ಟ್ಯಾಂಕು ಸುರಿದು, ಮೂರು ಸಲ ನೀರು ಹಾಕಿ ಅಲುಗಾಡಿಸಿ, ತೆಂಗಿನ ಮರದ ಬುಡದ ಬಿಸಿಲಿಗೆ ಬೋರಲು ಹಾಕಿದೆ. ಹತ್ತು ನಿಮಿಷದ ಕೆಲಸ. ಹೆದ್ದಾರಿಯ ಬಂಕುಗಳವರು ತಮ್ಮ ಸೆಪ್ಟಿಕ್ ಟ್ಯಾಂಕಿಗೆ ಒಂದು ಅಗಲ ಬಾಯಿ, ಪಕ್ಕಕ್ಕೊಂದು ನಲ್ಲಿ ಇಟ್ಟರೆ ನೆಂಟರ ಮನೆ ಹುಡುಕುವುದು ತಪ್ಪುತ್ತದೆ. ಬಳಕೆಗೆ ದುಡ್ಡು ಕೊಡಲು ನಾನಂತೂ ಸಿದ್ಧ.

ವಾಪಸು ಬರುವಾಗ ಐಮಂಗಲ ದಾಟುತ್ತಿದ್ದಂತೆ ಅವ್ವ ಹಿಂದಿನಿಂದ ಕೈ ಚಾಚಿದಳು. "ಆ ಬಾಟ್ಲಿ ಕೊಡಪ್ಪಾ, ಬಾಯಾರಿಕಿ ಆಗೇತಿ."