ಸಾವಿರ ಗಜ ದೂರದಿಂದ ಓರ್ಕಾ

ಕಲಬುರಗಿಯಲ್ಲಿ ಬೆಳೆದ ನನಗೆ ದೊಡ್ಡ ನೀರು ಅಂದ್ರೆ ಭೀಮಾ ನದಿ. ಸಮುದ್ರದಲ್ಲಿ ಬೋಟ್ ಹತ್ತಿದ್ದು ಈ ಸಲವೇ ಮೊದಲು. ಅಮೆರಿಕದ ಸಿಯಾಟಲ್‌ನಲ್ಲಿರುವ ಅಕ್ಕನ ಮಗಳು ಓರ್ಕಾ, ಅಂದ್ರೆ ಕಿಲ್ಲರ್ ವೇಲ್ ಅನ್ನುವ ದೊಡ್ಡ ಕಪ್ಪು-ಬಿಳಿ ಕಡಲ ಪ್ರಾಣಿ ತೋರಿಸ್ತೀನಿ ಅಂತ ಕರೆದುಕೊಂಡು ಹೋಗಿದ್ದಳು.

ಎರಡು ತಾಸು ಬರೀ ನೀರು, ಚಳಿ. ಆಮೇಲೆ "ಮಾಮಾ, ಅಲ್ಲಿ ನೋಡ್ರಿ!" ಅಂತ ತೋಳು ಜಗ್ಗಿದಳು. ದುರ್ಬೀನಿನಲ್ಲಿ ಕಂಡಿತು. ನೀರು ಸೀಳಿಕೊಂಡು ನೆಟ್ಟಗೆ ಎದ್ದ ಕಪ್ಪು ರೆಕ್ಕೆ. ಗಂಡು ಓರ್ಕಾದ ಬೆನ್ನಿನ ರೆಕ್ಕೆ ಆರಡಿವರೆಗೂ ಬೆಳೆಯುತ್ತದಂತೆ, ಆಳೆತ್ತರ! ಉಸಿರು ಬಿಟ್ಟಾಗ ಹೊಗೆಯ ಹಾಗೆ ನೀರಿನ ಹನಿ ಮೇಲೆದ್ದು, ಗಾಳಿಗೆ ವಾಲಿ, ಕರಗಿಹೋಯಿತು.

ಅಷ್ಟರಲ್ಲಿ ಬೋಟ್ ನಿಂತಿತು. ಇವು ಸಾಲ್ಮನ್ ಮೀನು ತಿನ್ನುವ ಗುಂಪು, ಸಾವಿರ ಗಜಕ್ಕಿಂತ ಹತ್ತಿರ ಹೋಗುವಂತಿಲ್ಲ ಅಂದರು ಬೋಟಿನವರು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ 2025ರ ಜನವರಿಯಿಂದ ಇದೇ ಕಾನೂನು. ಅಷ್ಟು ದುಡ್ಡು ಕೊಟ್ಟು ಬಂದಿದ್ದೇವೆ ಅಂತ ಕೆಲವರು ಗೊಣಗಿದರು. ನನಗೂ ಬೇಜಾರಾಯಿತು, ಸುಳ್ಳು ಹೇಳಲ್ಲ.

ಈಗ ಹೇಳ್ತೀನಿ, ಅದು ಸರಿಯಾದ ಕಾನೂನು. ಈ ಗುಂಪಿನಲ್ಲಿ ಉಳಿದಿರುವುದೇ ಎಪ್ಪತ್ತು ಚಿಲ್ಲರೆ. 1960, 70ರ ದಶಕಗಳಲ್ಲಿ ಎಷ್ಟೋ ಮರಿಗಳನ್ನು ಹಿಡಿದು ಪ್ರದರ್ಶನಕ್ಕೆ ಮಾರಿದರು. ಈಗ ಸಾಲ್ಮನ್ ಕಡಿಮೆ. ಇರುವ ಮೀನನ್ನೂ ಅವು ಸದ್ದು ಮಾಡಿ, ಅದರ ಮಾರ್ದನಿ ಕೇಳಿಸಿಕೊಂಡೇ ಹುಡುಕಬೇಕು. ಬೋಟಿನ ಎಂಜಿನ್ ಗದ್ದಲದಲ್ಲಿ ಏನು ಕೇಳಿಸೀತು? ನಾವು ಫೋಟೊಗಾಗಿ ಹತ್ತಿರ ಹೋದಷ್ಟೂ ಅವುಗಳ ಹೊಟ್ಟೆಗೆ ಬೀಳೋದು ಕಡಿಮೆ. 2018ರಲ್ಲಿ ಇದೇ ಗುಂಪಿನ ತಾಯಿಯೊಂದು ಸತ್ತ ಮರಿಯನ್ನು 17 ದಿನ ಹೊತ್ತುಕೊಂಡೇ ಈಜಿತ್ತು.

ನನ್ನ ಮನಸ್ಸು ಹಿಡಿದದ್ದು ಇನ್ನೊಂದು ಸಂಗತಿ. ಗಂಡುಮಕ್ಕಳು ದೊಡ್ಡವರಾದರೂ ಅಲ್ಲಿ ತಾಯಿಯನ್ನು ಬಿಟ್ಟು ಹೋಗಲ್ಲ. ಮೀನು ಕಡಿಮೆ ಇರುವ ವರ್ಷ ಮುಂದೆ ನಿಂತು ದಾರಿ ತೋರಿಸುವುದು ಹೆರುವ ವಯಸ್ಸು ದಾಟಿದ ಮುದುಕಿಯರು. 1972ರ ಬರದಲ್ಲಿ ಯಾವ ಬಾವಿಯಲ್ಲಿ ಇನ್ನೂ ನೀರಿದೆ ಅಂತ ಊರಲ್ಲಿ ಗೊತ್ತಿದ್ದದ್ದು ನಮ್ಮ ಆಯಿಗೆ, ಅಂದ್ರೆ ಅಜ್ಜಿಗೆ. ಕೊಡ ಹೊತ್ತ ಹೆಂಗಸರೆಲ್ಲ ಅವಳ ಹಿಂದೆ ಹೋಗುತ್ತಿದ್ದರಂತೆ.

ನಮ್ಮ ಬೀದರ್ ಕಡೆ ಹೊಲಗಳಲ್ಲಿ ಕೃಷ್ಣಮೃಗ ಕಂಡರೆ ಬೈಕ್ ಮೇಲೆ ಬೆನ್ನಟ್ಟಿ ವಿಡಿಯೊ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಹಿಂಡು ದಿಕ್ಕಾಪಾಲಾದರೆ ಮರಿ ಹಿಂದೆ ಉಳಿಯುತ್ತದೆ. ರಸ್ತೆಯಲ್ಲೇ ನಿಂತು ನೋಡಿದರೂ ಅವು ಚೆನ್ನಾಗಿಯೇ ಕಾಣುತ್ತವೆ ಅಲ್ವಾ?

ಊರಿಗೆ ಬಂದು ಅವ್ವನಿಗೆ ಫೋಟೊ ತೋರಿಸಿದೆ. "ಎಲ್ಲದನೋ? ಏನೂ ಕಾಣವಲ್ದು" ಅಂದಳು. ನೀರಿನ ಮೇಲಿದ್ದ ಕಪ್ಪು ಚುಕ್ಕೆಗಳ ಮೇಲೆ ಬೆರಳಿಟ್ಟು, ಮುಂದೆ ಇರೋದು ಆಯಿ ಇರಬೇಕು ಅಂದೆ. ಅವ್ವ ಕನ್ನಡಕ ತರಿಸಿಕೊಂಡು ಮತ್ತೆ ನೋಡಿದಳು.