ಜಗಲಿಯಲ್ಲಿ ಇಂಗ್ಲಿಷ್

ಆನ್‌ಲೈನ್ ಇಂಗ್ಲಿಷ್ ಕ್ಲಾಸಲ್ಲಿ ಗ್ರಾಮರ್ರೇ ಕಷ್ಟ ಅಂತ ಯಾರಾದರೂ ಹೇಳಿದರೆ, ಅವರ ಮನೆಯಲ್ಲಿ ಒಳ್ಳೆ ವೈಫೈ ಇದೆ ಅಂತಲೇ ಲೆಕ್ಕ. ನಮ್ಮದು ಹೊಸನಗರದ ಹತ್ತಿರ ಒಂದು ಹಳ್ಳಿ. ಕರೆಂಟ್ ಹೋದರೆ ಹಿಂದೆಯೇ ಟವರ್ರೂ ಹೋಗುತ್ತದೆ. ಇದ್ದಾಗಲೂ ಎರಡು ಕಡ್ಡಿ ಸಿಗ್ನಲ್ ಬರುವುದು ಜಗಲಿಯ ಕೊನೇ ಕಂಬದ ಹತ್ತಿರ ಮಾತ್ರ. 2020ರಲ್ಲಿ ಡಿಗ್ರಿ ಕ್ಲಾಸುಗಳೆಲ್ಲ ಮೊಬೈಲಿಗೆ ಬಂದಾಗ ಆ ಕಂಬದ ಬುಡವೇ ನನ್ನ ಕಾಲೇಜು. ಅಡಿಕೆ ಕೊಯ್ಲು ಶುರುವಾದ ಮೇಲೆ ಅದೇ ಜಗಲಿಗೆ ಅಡಿಕೆ ಸುಲಿಯುವವರೂ ಬಂದು ಕೂತರು.

ಕಾಲೇಜಲ್ಲಿ ತಪ್ಪು ಇಂಗ್ಲಿಷ್ ಮಾತಾಡಿದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತವರದ್ದೂ ಅದೇ ಕಥೆ. ಮನೆಯವರ ಮುಂದೆ ಸರಿಯಾದ ಇಂಗ್ಲಿಷ್ ಮಾತಾಡುವುದಕ್ಕೂ ನಾಚಿಕೆ. ಮೇಡಂ ಪರಿಚಯ ಹೇಳಿಕೊಳ್ಳಿ ಅಂದರು. 'ಮೈ ಫಾದರ್ ಈಸ್ ಎ ಫಾರ್ಮರ್' ಅಂತ ಶುರು ಮಾಡಿದರೆ ಫಾದರ್ರು ಹಾಳೆಟೊಪ್ಪಿ ಹಾಕಿಕೊಂಡು ಎದುರಿಗೇ ನಿಂತಿದ್ದಾರೆ. "ಎಂತ ಅಂದೆ ನನ್ನ ಬಗ್ಗೆ?" ಮೈಕ್ ಆನ್ ಇತ್ತು.

ಅದಾದರೂ ಆಗಲಿ. ರೋಲ್ ಪ್ಲೇ ಅಂತ ಒಂದಿದೆಯಲ್ಲ, ಇಬ್ಬಿಬ್ಬರು ಸೇರಿ ಸಂಭಾಷಣೆ ಮಾಡುವುದು, ಅದು ಬಂತು ನೋಡಿ. ನಾನು ಊರಿಗೆ ಹೊಸಬಳು, ದಾರಿ ಕೇಳಬೇಕು. ಗೆಳತಿ ಪೊಲೀಸ್. "ಎಕ್ಸ್‌ಕ್ಯೂಸ್ ಮಿ, ವೇರ್ ಈಸ್ ದ ಪೋಸ್ಟ್ ಆಫೀಸ್?" ಅಂದೆ. ಅಷ್ಟರಲ್ಲಿ ಪೊಲೀಸರ ನೆಟ್‌ವರ್ಕ್ ಹೋಗಿತ್ತು. ಮೇಡಂಗೆ ಅದು ಗೊತ್ತಾಗಲಿಲ್ಲ, "ಲೌಡರ್, ಲೌಡರ್" ಅಂತಲೇ ಇದ್ದಾರೆ. ನಾನು ಕೂಗಿದೆ. ಮತ್ತೂ ಜೋರಾಗಿ ಕೂಗಿದೆ. ಮೆಟ್ಟುಗತ್ತಿಗಳ ಕಟಕಟ ಸದ್ದು ಪೂರ್ತಿ ನಿಂತುಹೋಯಿತು. ಸುಲಿಯುತ್ತಿದ್ದ ಅಕ್ಕ ಒಬ್ಬರು ಸಿಪ್ಪೆ ಕೊಡವಿಕೊಂಡು, ತೀರಾ ಕನಿಕರದಿಂದ, "ಪೋಸ್ಟಾಫೀಸಾ? ಸೊಸೈಟಿ ಪಕ್ಕದಾಗೇ ಇದ್ಯಲ್ಲೆ ಮಾರಾಯ್ತಿ, ಅಷ್ಟೂ ಗೊತ್ತಿಲ್ವಾ?" ಅಂದರು.

ಮೇಡಂಗೆ ಖುಷಿಯೋ ಖುಷಿ. ಗೆಳತಿ ವಾಪಸ್ ಬಂದಳು ಅಂದುಕೊಂಡಿರಬೇಕು. "ಗುಡ್! ಇನ್ ಇಂಗ್ಲಿಷ್, ಪ್ಲೀಸ್!"

ಅಕ್ಕ ಹಿಂದೆಮುಂದೆ ನೋಡಲಿಲ್ಲ. ದಿನಾ ಕೇಳಿ ಕೇಳಿ ರೂಢಿಯಾಗಿತ್ತೋ ಏನೋ. "ಸ್ಟ್ರೈಟ್ ಗೋ, ಸೊಸೈಟಿ ಸೈಡು. ಥ್ಯಾಂಕ್ಯೂ!" ಜೂಮ್‌ನ ಪುಕ್ಕಟೆ ಮೀಟಿಂಗ್ 40 ನಿಮಿಷಕ್ಕೆ ತಾನಾಗೇ ಮುಗಿಯುತ್ತದಲ್ವಾ, ಅವತ್ತು ಸರಿಯಾಗಿ ಅಲ್ಲಿಗೇ ಮುಗಿದು ನನ್ನ ಮಾನ ಉಳಿಸಿತು.

ಇಂಟರ್ನಲ್ಸ್ ಬಂದಾಗ ಗೆಳತಿಗೆ ನನಗಿಂತ ಒಂದು ಮಾರ್ಕ್ ಜಾಸ್ತಿ. ಫ್ಲೂಯೆನ್ಸಿಗಂತೆ.