ಬಿಗ್ ಸ್ಟಾರ್ ಕುರಿತು ಒಂದು ತಕರಾರು
ಅಮೆರಿಕದ ಮೆಂಫಿಸ್‌ನ ಬಿಗ್ ಸ್ಟಾರ್ ಎಂಬ ರಾಕ್ ತಂಡದ ಮೊದಲ ಆಲ್ಬಮ್ ಕೇಳುಗರಿಗೆ ರುಚಿಸದೆ ಸೋತಿತೆಂದು ಆ ತಂಡದ ಕುರಿತ ಲೇಖನದಲ್ಲಿ ಲೇಖಕರು ಹೇಳಿದ ಮಾತನ್ನು ನಾನು ಒಪ್ಪಲಾರೆ. 1972ರಲ್ಲಿ ಹೊರಬಂದ ಅದನ್ನು ವಿಮರ್ಶಕರು ಮನಸಾರೆ ಮೆಚ್ಚಿದ್ದರು; ಆದರೆ ವಿತರಣೆಯ ಹೊಣೆ ಹೊತ್ತಿದ್ದ ಸ್ಟ್ಯಾಕ್ಸ್ ಕಂಪನಿಗೆ ಅದನ್ನು ಅಂಗಡಿಗಳಿಗೆ ಸರಿಯಾಗಿ ತಲುಪಿಸಲಾಗಲಿಲ್ಲ, ಸಿಗದ ವಸ್ತುವನ್ನು ಜನ ಕೊಳ್ಳುವುದಾದರೂ ಹೇಗೆ? ಮುಂದೆ ಆರ್‌.ಇ.ಎಂ.ನಂಥ ತಂಡಗಳು ಇವರ ಪ್ರಭಾವವನ್ನು ಬಹಿರಂಗವಾಗಿ ನೆನೆದ ಮೇಲೆ ಹೊಸ ಅಭಿಮಾನಿಗಳು ಹುಟ್ಟಿಕೊಂಡರು. ಅದನ್ನು ನೋಡಲು ಬಿಗ್ ಸ್ಟಾರ್ ಕಟ್ಟಿದವರಲ್ಲೊಬ್ಬರಾದ ಕ್ರಿಸ್ ಬೆಲ್ ಉಳಿದಿರಲಿಲ್ಲ, 1978ರಲ್ಲೇ ತೀರಿಕೊಂಡಿದ್ದರು. ಕುಮಾರ ಗಂಧರ್ವರ ಭಜನೆಗಳಷ್ಟೇ ಮೊಳಗುತ್ತಿದ್ದ ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಯಲ್ಲಿ (ತಂದೆಯವರಿಗೆ ಡ್ರಮ್ಮಿನ ಸದ್ದೇ ಆಗದು) ನಾನು ಈ ಆಲ್ಬಮ್ಮಿನ ಮೆಲುದನಿಯ ಗಿಟಾರ್ ಹಾಡೊಂದನ್ನು ಹಚ್ಚಿದಾಗ, ಅವರು ಪತ್ರಿಕೆ ಮಡಚಿಟ್ಟು ಕೊನೆಯವರೆಗೂ ಆಲಿಸಿ, "ಯಾರೋ ಇವ್ರು? ಚಲೋ ಹಾಡ್ಯಾರ" ಎಂದಿದ್ದರು.